ತಳದಲ್ಲಿ ಒಂದು ಹಿಡಿ

ಈಗ ನಮ್ಮ ಮನೆಯಲ್ಲಿರುವ ಮೆಮರಿ ಕಾರ್ಡು ಐನೂರಾ ಹನ್ನೆರಡು ಜಿಬಿಯದು. ನನ್ನ ಕಿರುಬೆರಳಿನ ಉಗುರಿನಷ್ಟಿದೆ. "ಅಕ್ಕಾರ, ಇಡೀ ಸವಣೂರ ಒಯ್ದು ಇದರಾಗ ತುಂಬಿದ್ರೂ ಮತ್ತ ಜಾಗಾ ಉಳಿತೈತ್ರಿ," ಎಂದು ಹೇಳಿ ಅಂಗಡಿಯವರು ಕೊಟ್ಟರು. ಇರಬಹುದು. ಅದರಲ್ಲಿ ನಾನು ಇಡಬೇಕೆಂದಿದ್ದದ್ದು ಒಂದೇ, ನಮ್ಮ ಯಜಮಾನರ ದನಿ. ಅದು ಎಲ್ಲಾದರೂ ಉಳಿದಿದೆಯೋ ಇಲ್ಲವೋ ಎಂಬುದೇ ಬಹಳ ದಿನ ಗೊತ್ತಿರಲಿಲ್ಲ.

ಅವರಿಗೆ ಲಕ್ವಾ ಹೊಡೆದು ಎರಡು ವರ್ಷವಾಯಿತು. ಬಲಗೈ, ಬಲಗಾಲು, ಮಾತು ಮೂರೂ ಒಂದೇ ಬೆಳಿಗ್ಗೆ ಹೋದವು. ಕಾಲು ಅರ್ಧ ತಿರುಗಿ ಬಂತು. ಗೋಡೆ ಹಿಡಿದು ಪಡಸಾಲೆಯವರೆಗೆ ನಡೆಯುತ್ತಾರೆ. ಕೈ ಬರಲಿಲ್ಲ. ಮಾತು ಬರಲಿಲ್ಲ. ಮೊದಲ ಆರು ತಿಂಗಳು ನಾನು ಅತ್ತೆ. ಆಮೇಲೆ ಅಳುವುದು ತಾನೇ ನಿಂತಿತು, ಬಾವಿ ಬತ್ತಿದ ಹಾಗೆ. ಈಗ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಕುಳಿತು ಶಿವ ಕೊಟ್ಟದ್ದನ್ನು ಎಣಿಸುತ್ತೇನೆ. ಗಂಜಿ ನುಂಗಿದರು. ಹಾಸಿಗೆಯಲ್ಲಿ ಹುಣ್ಣಾಗಿಲ್ಲ. ನಳದಲ್ಲಿ ನೀರು ಬಂತು. ಎಣಿಸಿದ್ದರಿಂದ ಸಂತೋಷವೇನೂ ಆಗುವುದಿಲ್ಲ. ಎಣಿಸದಿದ್ದರೆ ತಪ್ಪಾಗುತ್ತದೆಂದು ಎಣಿಸುತ್ತೇನೆ.

ಮಾತು ಕಲಿಸುವ ಡಾಕ್ಟರಬಾಯಿಯೊಬ್ಬರು ಹುಬ್ಬಳ್ಳಿಯಲ್ಲಿದ್ದಾರೆಂದು ಕರೆದುಕೊಂಡು ಹೋಗಿದ್ದೆ. ಅವರು ಸಮಾಧಾನದಿಂದ ನೋಡಿ ಹೇಳಿದರು: "ದಿನಾ ಎಣಿಸಿದ್ದು, ದಿನಾ ಹಾಡಿದ್ದು, ಇವೆಲ್ಲಾ ತಲಿಯೊಳಗ ಬ್ಯಾರೆ ಕಡೆ ಕುಂತಿರ್ತಾವ್ರಿ. ಒಮ್ಮೊಮ್ಮೆ ಮಾತು ಹೋದ್ರೂ ಅವು ಉಳಿದಿರ್ತಾವು. ಅವರದ ದನಿಯಾಗ ಅಂಥದ್ದೇನರ ಇದ್ರ ದಿನಾ ಕೇಳಸ್ರಿ."

"ಕೇಳಿಸಿದ್ರ ಮಾತು ಬರತೈತೇನ್ರಿ?"

"ಬರತೈತಿ ಅಂತ ಹೇಳಂಗಿಲ್ಲ. ಬರಂಗೇ ಇಲ್ಲ ಅಂತನೂ ಹೇಳಂಗಿಲ್ಲ."

ಮನೆಗೆ ಬಂದು ಹುಡುಕಿದೆವು. ಹಂಸಭಾವಿಗೆ ಕೊಟ್ಟ ನಮ್ಮ ಮಗಳ ಫೋನಿನಲ್ಲಿ ಸಾವಿರಾರು ಫೋಟೋ, ನೂರಾರು ವಿಡಿಯೋ. ಮೊಮ್ಮಕ್ಕಳು ಬಿದ್ದದ್ದು, ಎದ್ದದ್ದು, ಸೀರೆಯ ಅಂಚು, ಹೋಳಿಗೆಯ ತಾಟು. ಎಲ್ಲದರಲ್ಲೂ ಅವರಿದ್ದಾರೆ. ಚೀಲ ಹಿಡಿದು ಹಿಂದೆ ನಿಂತಿದ್ದಾರೆ, ಎಲೆ ಅಗಿಯುತ್ತಿದ್ದಾರೆ. ಯಾರಾದರೂ ಫೋನು ಎತ್ತಿದರೆ ಸಾಕು, ಮಾತು ನಿಲ್ಲಿಸುವ ಮನುಷ್ಯ. ಅಷ್ಟು ದೊಡ್ಡ ಜಾಗದಲ್ಲಿ ಅವರದು ಒಂದೇ ಒಂದು ಶಬ್ದ ಸಿಕ್ಕಿತು. "ಹ್ಞೂಂ."

ಮೊದಲು ಜಾಗ ಇಷ್ಟಿರಲಿಲ್ಲ. ಮಗಳು ಶಿಗ್ಗಾಂವಿಗೆ ಕಂಪ್ಯೂಟರ್ ಕ್ಲಾಸಿಗೆ ಹೋಗುವಾಗ ಒಂದು ಚೌಕ ಫ್ಲಾಪಿ ಇತ್ತು. ಧೂಳು ತಾಗಬಾರದೆಂದು ಅದನ್ನು ರೊಟ್ಟಿ ಡಬ್ಬಿಯಲ್ಲಿ, ರೊಟ್ಟಿಯ ಮೇಲೆ ಬಟ್ಟೆ ಹಾಸಿ ಇಟ್ಟು ಕಳಿಸುತ್ತಿದ್ದೆ. ಅದರಲ್ಲಿ ಒಂದು ಅರ್ಜಿ, ಒಂದು ಗುಲಾಬಿ ಹೂವಿನ ಚಿತ್ರ ಇದ್ದವು. ಆಮೇಲೆ ಅವಳ ಮದುವೆ ಹಾನಗಲ್ಲಿನಲ್ಲಾಯಿತು. ಅದು ಮೂರು ಸಿಡಿಯಲ್ಲಿ ಬಂತು. ಅಕ್ಷತೆಯ ಹೊತ್ತಿಗೆ ಸರಿಯಾಗಿ ಎರಡನೆಯದು ಮುಗಿಯುತ್ತದೆ, ಎದ್ದು ಮೂರನೆಯದನ್ನು ಹಾಕಬೇಕು. ನಂತರ ಪೆನ್‌ಡ್ರೈವ್ ಬಂತು, ಅಳಿಯ ಅದನ್ನು ಕೀಲಿಕೈ ಗೊಂಚಲಿಗೆ ಕಟ್ಟಿಕೊಂಡು ತಿರುಗುತ್ತಿದ್ದ. ಪ್ರತಿ ಸಲ ವಸ್ತು ಸಣ್ಣದಾಯಿತು, ಒಳಗಿನ ಜಾಗ ದೊಡ್ಡದಾಯಿತು. ಹೇಗೆ ಎಂದು ನಾನು ಕೇಳಲಿಲ್ಲ. ಬ್ರಹ್ಮಾಂಡ ಹಿಡಿದ ಇಷ್ಟಲಿಂಗವೂ ಅಂಗೈಯೊಳಗೇ ಕೂರುತ್ತದಲ್ಲ.

ಯಜಮಾನರು ವೀಳ್ಯದೆಲೆ ವ್ಯಾಪಾರದವರು. ಸವಣೂರಿನ ತೋಟಗಳಲ್ಲಿ ಎಲೆ ಕೊಂಡು ಹಾನಗಲ್ಲು, ಹಿರೇಕೆರೂರು ಸಂತೆಗೆ ಒಯ್ಯುತ್ತಿದ್ದರು. ಎಲೆ ಎಣಿಸುವಾಗ ನೂರೆಲೆಯ ಕಟ್ಟನ್ನು ಎಡಗೈಯಲ್ಲಿ ಹಿಡಿದು, ಅದೇ ಕೈಯ ಹೆಬ್ಬೆರಳಿನಿಂದ ಒಂದೊಂದೇ ಎಲೆಯನ್ನು ಬಲಗೈಗೆ ಸರಿಸುತ್ತಿದ್ದರು. ನಮ್ಮ ಕಡೆ ಎಣಿಕೆಯನ್ನು ಒಂದು ಎಂದು ಸುರು ಮಾಡುವುದಿಲ್ಲ. 'ಲಾಭ' ಎನ್ನಬೇಕು. ಲಾಭ, ಎರಡು, ಮೂರು... ಅವರ ಎಣಿಕೆಗೆ ಒಂದು ರಾಗವೇ ಇತ್ತು. ಸೋಮವಾರ ಮಠದಲ್ಲಿ ಭಜನೆ ಹಾಡುತ್ತಿದ್ದದ್ದೂ ಹೆಚ್ಚುಕಡಿಮೆ ಅದೇ ರಾಗದಲ್ಲಿ.

ಒಂದು ದೀಪಾವಳಿಗೆ ಬಂದಾಗ ಮಗಳು ಅಪ್ಪನ ಗುಂಡಿಯ ಫೋನು ತೆಗೆದುಕೊಂಡು ನಾಲ್ಕು ಭಜನೆ ಹಾಡಿಸಿ ರೆಕಾರ್ಡು ಮಾಡಿದಳು. ಐದನೆಯದಾಗಿ, ಕಟ್ಟೆಯ ಮೇಲೆ ಕುಳಿತು ಎಲೆ ಎಣಿಸುತ್ತಿದ್ದಾಗ ಅವರಿಗೆ ಗೊತ್ತಾಗದ ಹಾಗೆ ಹಿಂದಿನಿಂದ ಹಿಡಿದಳು. ಹದಿನೇಳಕ್ಕೆ ಫೋನು ಕುಂಯ್ ಎಂದು ನಿಂತಿತು.

"ಮೆಮರಿ ತುಂಬಿತಂತ, ಅಪ್ಪಾ."

"ಹದಿನೇಳಕ್ಕ ತುಂಬಿತೇನವಾ? ಹಂಗಾರ ನಂದ ತಲಿನ ಚಲೋ ಬಿಡು. ಸಾವಿರ ಎಲಿ ಹಿಡಿತೈತಿ."

ಮರುದಿನವೇ ಅವಳು ಎರಡು ಜಿಬಿಯ ಕಾರ್ಡು ತಂದು, ಎಲ್ಲಕ್ಕಿಂತ ಮೊದಲು ಅಪ್ಪನ ದನಿಯನ್ನು ಫೋನಿನಿಂದ ಅದಕ್ಕೆ ಸಾಗಿಸಿ, ಅದರ ಮೇಲೆ ಬಾಯಿಮಟ ಸಿನಿಮಾ ಹಾಡು ತುಂಬಿಸಿಕೊಟ್ಟು ಹೋದಳು.

ತಪ್ಪು ಮಾಡಿದವಳು ನಾನು. ಮುಂದಿನ ಶ್ರಾವಣಕ್ಕೆ ತಿಂಗಳಿಡೀ ವಚನದ ಹಾಡು ಕೇಳೋಣವೆಂದು ಕಾರ್ಡನ್ನು ಬಜಾರಿನಲ್ಲಿ ಹಾಡು ತುಂಬುವ ಚಾಚಾ ಅವರ ಅಂಗಡಿಗೆ ಒಯ್ದೆ.

"ಕುತ್ತಿಗಿಮಟಾ ತುಂಬೇತ್ರಿ ಅಕ್ಕಾರ. ಖಾಲಿ ಮಾಡಿನ ಹಾಕಬೇಕು."

ನನ್ನ ತವರು ತಡಸದಲ್ಲಿ ಜೋಳ ಇಡಲು ಅಂಗಳದಲ್ಲೇ ಹಗೇವು ಇತ್ತು, ನೆಲದೊಳಗಿನ ಕಣಜ. ಅದರಲ್ಲಿ ಮೊದಲು ಸುರಿದದ್ದು ತಳದಲ್ಲಿರುತ್ತದೆ, ಮೇಲಿನದು ಮೊದಲು ಹೊರಗೆ ಬರುತ್ತದೆ. ಎಷ್ಟೇ ತೆಗೆದರೂ ಪೂರ್ತಿ ಬಳಿಯುವುದಿಲ್ಲ. ಒಂದು ಹಿಡಿ ಬಿಡಬೇಕು, ಅದು ಹುಲುಸು, ಮತ್ತೆ ತುಂಬಲಿ ಎಂದು. ಹಿಟ್ಟಿನ ಡಬ್ಬಿಗೂ ಅದೇ ನೇಮ. ಕಾರ್ಡಿಗೂ ಹಾಗೆಯೇ ಎಂದು ತಿಳಿದೆ. ಮೇಲಿನ ಸಿನಿಮಾ ಹಾಡು ಹೋಗುತ್ತವೆ, ತಳದಲ್ಲಿ ಮೊದಲೇ ಹಾಕಿದ ಅವರ ದನಿ ಉಳಿಯುತ್ತದೆ ಎಂದುಕೊಂಡೆ.

"ಪೂರಾ ಬಳೀಬ್ಯಾಡ್ರಿ ಚಾಚಾ. ತಳದಾಗ ಒಂದ ಹಿಡಿ ಬಿಡ್ರಿ."

ಅವರು ಕನ್ನಡಕದ ಮೇಲಿನಿಂದ ನೋಡಿದರು. "ಇದೇನ ಜ್ವಾಳದ ಚೀಲೇನ್ರಿ?"

"ಏನರ ಇರ್ಲಿ. ಬರಿದು ಮಾಡಬಾರದು."

"ಆತ್ರಿ. ನಮ್ಮ ಅಮ್ಮೀನೂ ಹಿಂಗ ಅಂತಿದ್ಲು," ಎಂದು ನಕ್ಕು ಕೆಲಸಕ್ಕೆ ಕುಳಿತರು. ದನಿಯ ವಿಷಯ ನಾನು ಹೇಳಲಿಲ್ಲ. ಗಂಡನ ದನಿ ಇದೆ ಎಂದು ಬಜಾರಿನಲ್ಲಿ ಹೇಳಲು ನಾಚಿಕೆ.

ಪಂಚಮಿಗೆ ಬಂದ ಮಗಳು ಭಜನೆ ಹಚ್ಚಲು ಹೋಗಿ ಹಣೆ ಬಡಿದುಕೊಂಡಳು. "ಅವ್ವಾ, ಏನ ಮಾಡಿಟ್ಟಿ? ನಾಕೂ ಹೋದವು!" ತಳದ ಹಿಡಿಯ ಮಾತು ಹೇಳಿದೆ. "ಇದನ್ನೇನ ಹಗೇವು ಮಾಡಿದ್ಯಾ?"

ಊಟಕ್ಕೆ ಕುಳಿತಿದ್ದ ಅವರೇ ನನ್ನನ್ನು ಉಳಿಸಿದರು. "ಹೋಗ್ಲಿ ಬಿಡವಾ. ಹಾಡಾಂವ ಇಲ್ಲೇ ಅದೀನಲ್ಲ, ಮತ್ತ ಹಾಡಿದ್ರಾತು."

ಮತ್ತೆ ಹಾಡಿಸಲಿಲ್ಲ. ಇವತ್ತು, ನಾಳೆ ಎಂದು ಹೋಯಿತು. ಹೊಸ ಫೋನು ಬಂದವು. ಎಂಟು ಜಿಬಿ, ಮೂವತ್ತೆರಡು, ನೂರಾ ಇಪ್ಪತ್ತೆಂಟು. ಹಾಡುಗಳನ್ನು ತುಂಬಿಸಿಕೊಳ್ಳುವುದೇ ನಿಂತಿತು, ಬೇಕಾದಾಗ ನೆಟ್ಟಿನಿಂದ ಬರತೊಡಗಿದವು. ಎರಡು ಜಿಬಿಯ ಕಾರ್ಡನ್ನು ನಾನು ವಿಭೂತಿ ಕರಡಿಗೆಯಲ್ಲಿ ಹಾಕಿಟ್ಟಿದ್ದೆ. ವಚನ ಇರುವ ವಸ್ತುವನ್ನು ಕಸಕ್ಕೆ ಹಾಕಬಾರದು.

ಹುಬ್ಬಳ್ಳಿಯಿಂದ ಬಂದು, ಫೋನುಗಳನ್ನೆಲ್ಲ ಹುಡುಕಿ ಮುಗಿದ ಮೇಲೆ ಅದನ್ನೇ ತೆಗೆದುಕೊಂಡು ಚಾಚಾ ಅವರ ಹತ್ತಿರ ಹೋದೆ. ಆಸೆ ಇತ್ತೆಂದು ಹೇಳಲಾರೆ. ಹೋಗದಿದ್ದರೆ ಹೋಗಲಿಲ್ಲವೆಂಬುದು ಉಳಿಯುತ್ತದೆ ಎಂದು ಹೋದೆ. ಅವರ ಗಡ್ಡ ಪೂರ್ತಿ ಬೆಳ್ಳಗಾಗಿತ್ತು.

"ಎರಡು ಜಿಬಿ! ಇಂಥಾದ್ದು ಈಗ ಪುಕ್ಕಟೆ ಕೊಟ್ರೂ ಯಾರೂ ಒಯ್ಯಂಗಿಲ್ರಿ," ಎನ್ನುತ್ತ ವಿಭೂತಿಯ ಪುಡಿ ಒರೆಸಿ ಕಂಪ್ಯೂಟರಿಗೆ ಹಾಕಿದರು. ಈ ಸಲ ನಾಚಿಕೆ ಬಿಟ್ಟು ಎಲ್ಲ ಹೇಳಿದೆ. ಅವರ ನಗು ನಿಂತಿತು.

"ಅಳಿಸಿ ಮ್ಯಾಲೆ ತುಂಬಿದ್ದು ವಾಪಸ್ ಬರೂದಿಲ್ರಿ ಅಕ್ಕಾರ. ನಾನ ಬಾಯಿಮಟಾ ತುಂಬೇನಿ." ಆದರೂ ಕೆಳಗೆ ಕೆಳಗೆ ನೋಡುತ್ತ ಹೋದರು. "ವಚನ, ವಚನ, ವಚನ... ತಡೀರಿ. ಇದೊಂದಕ್ಕ ಹೆಸರಿಲ್ಲ. ಅರ್ಧ ನಿಮಿಷನೂ ಇಲ್ಲ."

ಒತ್ತಿದರು.

ಲಾಭ. ಎರಡು. ಮೂರು.

ಹಿಂದೆ ಕೋಳಿ ಕೂಗುತ್ತದೆ. ನಾನು ಒಳಗಿನಿಂದ ಯಾರನ್ನೋ ಬೈಯುತ್ತಿದ್ದೇನೆ. ಹದಿನೇಳಕ್ಕೆ ಕುಂಯ್.

ಚಾಚಾ ಅದನ್ನು ಇನ್ನೊಮ್ಮೆ ಒತ್ತಿ ಕೇಳಿದರು. "ನೀವ ಹೇಳಿದ್ರಲ್ಲ, ಒಂದ ಹಿಡಿ ಬಿಡು ಅಂತ. ಎಲ್ಲಾಕ್ಕಿಂತ ಸಣ್ಣದು ಯಾವುದಂತ ನೋಡಿ ಇದನ್ನ ಬಿಟ್ಟಿರಬೇಕ್ರಿ. ನನಗ ಖರೇನ ನೆನಪಿಲ್ಲ."

ಫೋನು ತುಂಬದೆ ಇದ್ದಿದ್ದರೆ ಆ ಎಣಿಕೆ ನೂರರವರೆಗೆ ಹೋಗುತ್ತಿತ್ತು. ದೊಡ್ಡದಾಗುತ್ತಿತ್ತು, ಅಳಿಸಿ ಹೋಗುತ್ತಿತ್ತು. ಭಜನೆ ನಾಲ್ಕೂ ಹೋದವು, ಅದು ನನ್ನಿಂದ. ಇದು ಉಳಿಯಿತು, ಅದು ಶಿವನಿಂದ. ಅಂಗಡಿಯಲ್ಲಿ ನಿಂತು ಇಷ್ಟನ್ನೇ ಎಣಿಸಿದೆ. ಅಳು ಬರುತ್ತದೆಯೋ ಎಂದು ಕಾದೆ, ಬರಲಿಲ್ಲ. ಹಳೆಯ ಕಾರ್ಡಿನ ಮೇಲೆ ಭರವಸೆ ಬೇಡವೆಂದು ಚಾಚಾ ಅದನ್ನು ಐನೂರಾ ಹನ್ನೆರಡು ಜಿಬಿಯ ಈ ಹೊಸದಕ್ಕೆ ಹಾಕಿದರು. ಹಾಕಿದ ಮೇಲೂ ಹೊಸ ಕಾರ್ಡು ಖಾಲಿ ಎಂದೇ ತೋರಿಸಿತು. ಆ ದನಿ ಅದಕ್ಕೆ ಲೆಕ್ಕಕ್ಕೇ ಇಲ್ಲ.

ಅಂದಿನಿಂದ ದಿನಾ ಬೆಳಿಗ್ಗೆ ಪೂಜೆಯಾದ ಮೇಲೆ ಅವರ ಎದುರಿಗೆ ಅದನ್ನು ಹಚ್ಚಿದೆ. ಮೊದಲ ದಿನ ತಮ್ಮ ದನಿ ಕೇಳಿ ಬಾಗಿಲ ಕಡೆ ನೋಡಿದರು, ಯಾರೋ ಬಂದರೆಂಬಂತೆ. ಆಮೇಲೆ ಅದೂ ಇಲ್ಲ. ತುಟಿ ಅಲುಗಲಿಲ್ಲ. ಹನ್ನೆರಡು ದಿನವಾಯಿತು. ಫೋನಿನಲ್ಲಿ ಮಗಳು, "ಇನ್ನೂ ಏನೂ ಇಲ್ಲೇನವಾ?" ಎನ್ನುವಳು. "ಗಂಜಿ ಉಂಡ್ರು," ಎನ್ನುವೆ.

ಹದಿಮೂರನೆಯ ದಿನ ಪೂಜೆಗೆ ತಂದ ಎಲೆಯಲ್ಲಿ ಒಂದು ಕಟ್ಟು ಉಳಿದಿತ್ತು. ಇಡಲು ಜಾಗ ಕಾಣದೆ ಅವರ ಎಡಗೈಯಲ್ಲಿಟ್ಟು ಫೋನು ಒತ್ತಿ, ಹಾಲು ನೋಡಲು ಎದ್ದೆ. ಒಳಗೆ ಹೋಗುತ್ತ ತಿರುಗಿ ನೋಡಿದರೆ ಹೆಬ್ಬೆರಳು ಎಲೆ ಸರಿಸುತ್ತಿತ್ತು. ಬಲಗೈ ಹಿಡಿಯುವ ಸ್ಥಿತಿಯಲ್ಲಿಲ್ಲ, ಎಲೆಗಳು ತೊಡೆಯ ಮೇಲೆ ಬೀಳುತ್ತಿದ್ದವು. ಫೋನು ಹದಿನೇಳಕ್ಕೆ ನಿಂತಿತು. ಹೆಬ್ಬೆರಳು ಇನ್ನೊಂದು ಎಲೆ ಸರಿಸಿ ತಡೆಯಿತು, ಯಾರಾದರೂ ಹೇಳಲಿ ಎಂಬಂತೆ.

"ಹದಿನೆಂಟು," ಎಂದೆ ನಾನೇ.

ಸರಿಯಿತು. ಹತ್ತೊಂಬತ್ತು, ಇಪ್ಪತ್ತು. ಹಾಲು ಉಕ್ಕುವ ವಾಸನೆ ಬಂದು ನನ್ನ ಲಕ್ಷ್ಯ ತಪ್ಪಿತು. "ಇಪ್ಪತ್ತೆರಡು," ಎಂದೆ.

ಹೆಬ್ಬೆರಳು ನಿಂತಿತು. ಅವರು ಮುಖವೆತ್ತಿ ನನ್ನನ್ನು ನೋಡಿದರು. ಸಂತೆಯಲ್ಲಿ ಯಾರಾದರೂ ಲೆಕ್ಕ ತಪ್ಪಿಸಿದರೆ ನೋಡುತ್ತಿದ್ದ ಅದೇ ನೋಟ.

"ತಪ್ಪಾತ್ರಿ," ಎಂದೆ. "ಇಪ್ಪತ್ತೊಂದು."

ಎಲೆ ಸರಿಯಿತು. ಒಳಗೆ ಹಾಲು ಉಕ್ಕಿ ಒಲೆಗೆ ಬಿತ್ತು. ಬೀಳಲಿ ಎಂದು ಅಲ್ಲಿಯೇ ಕುಳಿತು ನೂರರವರೆಗೆ ಹೇಳಿದೆ.