ಹಸೆಗೆ ಕರೆಯುವ ಹಾಡಿನ ಎರಡು ಧಾಟಿ

ಒಬ್ಬರು ಹಾಡಿ ಹೆಸರು ಮಾಡಿದ ಹಾಡನ್ನು ಇನ್ನೊಬ್ಬರು ಹಾಡಿದರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತದೆ. ಈ ಗುಣ ಅಪ್ಪನಿಂದ ಬಂದದ್ದು. ಐವತ್ತರ ದಶಕದಲ್ಲಿ ನಾವು ಪೇಟೆಯ ವಠಾರ ಬಿಟ್ಟು ರಾಜಾಜಿನಗರದ ಹೊಸ ಮನೆಗೆ ಬಂದಾಗ ಬೀದಿಗೆಲ್ಲ ಸೇರಿ ಒಂದೇ ರೇಡಿಯೋ, ಅದೂ ಮೂಲೆಯ ಹೋಟೆಲಿನಲ್ಲಿ. ಹಿಂದಿ ಹಾಡೊಂದು ಬರುತ್ತಿತ್ತು. ಕೆಲವು ತಿಂಗಳು ಕಳೆದರೆ ಅದೇ ಧಾಟಿಗೆ ಕನ್ನಡದ ಮಾತು ಸೇರಿಸಿದ ಇನ್ನೊಂದು ಬರುತ್ತಿತ್ತು. ಯಾವುದು ಚೆನ್ನ ಎಂದು ಜಗಲಿಗಳಲ್ಲಿ ದೊಡ್ಡ ಚರ್ಚೆ. ಅಪ್ಪ ಮಾತ್ರ ಪೂರ್ತಿ ಕೇಳುವ ಮುಂಚೆಯೇ ತೀರ್ಪು ಕೊಟ್ಟುಬಿಡುತ್ತಿದ್ದರು.

"ಮೊದಲನೇದು ಮೊದಲನೇದೇ ಕಣಮ್ಮ. ಮಿಕ್ಕಿದ್ದೆಲ್ಲ ನಕಲು."

ನಾನು ತಲೆಯಾಡಿಸುತ್ತಿದ್ದೆ. ಎರಡನೇ ಮದುವೆ ಮಾಡಿಕೊಂಡ ಮನುಷ್ಯ ಹೀಗೆ ಹೇಳುವಾಗ ಒಳಗೆ ಒಲೆ ಊದುತ್ತಿದ್ದ ಚಿಕ್ಕಮ್ಮನಿಗೆ ಹೇಗಾಗುತ್ತಿತ್ತೋ, ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ನಮ್ಮಮ್ಮ ತೀರಿಕೊಂಡದ್ದು ಅದಕ್ಕೂ ಮುಂಚೆ, ಪೇಟೆಯ ವಠಾರದಲ್ಲಿದ್ದಾಗ. ಆಗ ನನಗೆ ಹತ್ತು ವರ್ಷ, ತಂಗಿಗೆ ಮೂರು. ಅಮ್ಮನ ಫೋಟೋ ಇರಲಿಲ್ಲ. ಸೀರೆಗಳು ಯಾರ್ಯಾರ ಪಾಲಿಗೋ ಹೋದವು. ಉಳಿದದ್ದು ಒಂದು ಹಾಡು. ಮದುಮಗಳನ್ನು ಹಸೆಮಣೆಗೆ ಕರೆಯಲು ಅಮ್ಮನ ತವರಿನ ಹೆಂಗಸರು ಹಾಡುತ್ತಿದ್ದ ಹಾಡು ಅದು. ಅಮ್ಮ ಅದನ್ನು ಎಣ್ಣೆನೀರಿನ ದಿನ ನಮ್ಮನ್ನು ಮಣೆಗೆ ಕರೆಯಲು ಹಾಡುತ್ತಿದ್ದಳು. "ಬಾರಮ್ಮ ಹಸೆಮಣೆಗೆ, ಬಾಗಿಲಲಿ ನಿಲಬೇಡ" ಎಂದು ಒಂದೇ ಉಸಿರಿನಲ್ಲಿ, ಚಪ್ಪಾಳೆ ತಟ್ಟಿಕೊಂಡು, ಕೊನೆಗೆ ದನಿಯನ್ನು ಮೇಲಕ್ಕೆತ್ತಿ ಬಿಡುತ್ತಿದ್ದಳು.

ಮರುವರ್ಷ ಕೆಂಗೇರಿಯಿಂದ ಚಿಕ್ಕಮ್ಮ ಬಂದರು. ತಂಗಿ ಅವರ ಕೈಯಲ್ಲಿ ತಲೆಗೆ ಎಣ್ಣೆ ಹಾಕಿಸಿಕೊಳ್ಳಲು ಒಪ್ಪದೆ ರಂಪ ಮಾಡುತ್ತಿದ್ದಳು. ಕೊನೆಗೆ ಚಿಕ್ಕಮ್ಮ ನನ್ನನ್ನೇ ಕೇಳಿದರು.

"ನಿಮ್ಮಮ್ಮ ಏನೋ ಹಾಡ್ತಿದ್ರಂತಲ್ಲ, ನಂಗೂ ಒಸಿ ಹೇಳ್ಕೊಡವ್ವ."

ಹೇಳಿಕೊಟ್ಟೆ. ಏನು ಮಾಡಿದರೂ ಅವರಿಗೆ ಒಂದೇ ಉಸಿರಿನಲ್ಲಿ ಹಾಡಲು ಬರಲಿಲ್ಲ. "ಬಾರಮ್ಮ" ಎಂದು ನಿಲ್ಲಿಸಿ, ಮಗುವಿನ ಮುಖ ನೋಡಿ, ಆಮೇಲೆ ಮಿಕ್ಕಿದ್ದನ್ನು ಇಳಿದನಿಯಲ್ಲಿ ಮೆಲ್ಲಗೆ ಹೇಳುತ್ತಿದ್ದರು. ಹಾಡು ಕೆಟ್ಟು ಕೆರ ಹಿಡಿಯಿತು ಅನ್ನಿಸಿತು ನನಗೆ. ಧಾಟಿ ತಪ್ಪು ಎಂದು ಮುಖದ ಮೇಲೇ ಹೇಳಿದೆ. ತಂಗಿ ಮಾತ್ರ ಬಂದು ಮಣೆಯ ಮೇಲೆ ಕುಳಿತಳು. ಅವಳು ಸ್ಕೂಲಿಗೆ ಸೇರಿ ತಾನೇ ಸ್ನಾನ ಮಾಡಿಕೊಳ್ಳುವಷ್ಟು ದೊಡ್ಡವಳಾದ ಮೇಲೆ ಆ ಹಾಡು ನಮ್ಮ ಮನೆಯಲ್ಲಿ ನಿಂತುಹೋಯಿತು.

ಐವತ್ತರ ದಶಕ ಮುಗಿಯುವ ಹೊತ್ತಿಗೆ ತಂಗಿಯ ಮದುವೆ ಗೊತ್ತಾಯಿತು. ಅಷ್ಟರಲ್ಲಿ ನಾನು ಮದುವೆಯಾಗಿ ಬೇರೆ ಮನೆಯವಳಾಗಿದ್ದೆ, ಆದರೂ ಯಜಮಾನಿಕೆಯೆಲ್ಲ ನನ್ನದೇ. ಹಸೆಗೆ ಕರೆಯುವ ಹಾಡನ್ನು ಅಮ್ಮನ ಧಾಟಿಯಲ್ಲೇ ಹಾಡಿಸಬೇಕೆಂದು ಹಟ ಹಿಡಿದೆ. ಅಮ್ಮನದು ಎಂದು ತಂಗಿಗೆ ಕೊಡಲು ಬೇರೇನೂ ಇರಲಿಲ್ಲ. ಅದಕ್ಕೆಂದೇ ಅಮ್ಮನ ಅಕ್ಕ, ನಮ್ಮ ದೊಡ್ಡಮ್ಮ, ಮಾಗಡಿ ಕಡೆಯಿಂದ ಬಸ್ಸಿನಲ್ಲಿ ಬಂದರು.

ಮನೆ ಮುಂದಿನ ಚಪ್ಪರದಲ್ಲಿ ಎಣ್ಣೆ ಅರಿಶಿನದ ಶಾಸ್ತ್ರ. ಬೀದಿಯ ಹೆಂಗಸರ ಜೊತೆಗೆ ಅತ್ತಿಗುಪ್ಪೆಯಿಂದ ಸೊಪ್ಪು ತಂದು ಮಾರುವವರೂ ಬಂದು ಕುಳಿತಿದ್ದರು. ದೊಡ್ಡಮ್ಮ ಚಪ್ಪಾಳೆ ತಟ್ಟಿ ಎತ್ತಿಕೊಂಡರು. ಅದೇ ಒಂದೇ ಉಸಿರು, ಅದೇ ಏರುದನಿ. ನನಗೆ ಕಣ್ಣು ತುಂಬಿ ಬಂತು. ಹಾಡು ಮುಗಿಯಿತು. ತಂಗಿ ಕೋಣೆಯಿಂದ ಹೊರಗೆ ಬರಲಿಲ್ಲ. ಹೆಂಗಸರು ಮುಖ ಮುಖ ನೋಡಿಕೊಂಡರು. ನಾನು ಒಳಗೆ ಓಡಿದೆ.

"ಅಮ್ಮನ ಹಾಡು ಹಾಡಿಸ್ತೀನಿ ಅಂದ್ಯಲ್ಲಕ್ಕ," ಎಂದಳು ತಂಗಿ. "ಇದು ಯಾವ್ದೋ ಬೇರೆ."

"ಇದೇ ಕಣೇ. ದೊಡ್ಡಮ್ಮ ಹಾಡಿದ್ದು ಥೇಟ್ ಅಮ್ಮ ಹಾಡಿದ ಹಾಗೇ ಇತ್ತು."

"ಅಲ್ಲ. ಅಮ್ಮ ಬಾರಮ್ಮ ಅಂದು ಸುಮ್ನಾಗೋಳು. ನಾನು ಬಂದು ಕೂತ್ಕೊಳ್ಳೋವರೆಗೂ ಕಾಯೋಳು. ಅಮ್ಮಂದು ಅಂತ ನಂಗೆ ನೆನಪಿರೋದು ಅದೊಂದೇ. ಅದನ್ನೂ ಇಲ್ಲ ಅಂತೀಯಾ?"

ಕಾಯುತ್ತಿದ್ದದ್ದು ಅಮ್ಮನೇ ಹೌದು ಎಂದರೆ ಅಮ್ಮನ ಹಾಡು ಅಲ್ಲಿಗೆ ಮುಗಿಯುತ್ತದೆ. ಅಲ್ಲ ಎಂದರೆ ಮದುವೆಯ ದಿನ ಇವಳಿಗೆ ಅಮ್ಮನ ಒಂದು ನೆನಪೂ ಉಳಿಯುವುದಿಲ್ಲ. ಸುಳ್ಳು ಹೇಳುವ ಜಾಣತನ ನನಗೆ ಯಾವತ್ತೂ ಬಂದದ್ದಲ್ಲ.

"ಅದು ಅಮ್ಮ ಅಲ್ಲ ಕಣೇ," ಎಂದೆ. "ಹಾಗೆ ಕಾಯ್ತಿದ್ದೋರು ಚಿಕ್ಕಮ್ಮ."

ಅವಳು ಹೊಸ ಬಳೆಗಳನ್ನು ಸರಿಸುತ್ತ ಕುಳಿತಳು. ಅಳುತ್ತಾಳೆ ಎಂದುಕೊಂಡೆ, ಅಳಲಿಲ್ಲ. "ಹಾಗಾದ್ರೆ ಅವರನ್ನೇ ಕರಿ," ಎಂದಳು.

ಚಿಕ್ಕಮ್ಮ ಹಿಂದಿನ ಒಲೆಯ ಹತ್ತಿರ ಇದ್ದರು. ನಾನು ಹೇಳಿದ್ದು ಕೇಳಿ ಗಾಬರಿಯಾದರು.

"ಅಯ್ಯೋ, ನಂದು ತಪ್ಪು ಧಾಟಿ ಕಣವ್ವ. ನೀನೇ ಹೇಳಿಲ್ವಾ? ನಿಮ್ಮ ದೊಡ್ಡಮ್ಮ ಅಷ್ಟು ದೂರದಿಂದ ಬಂದವ್ರೆ, ಅವರ್ದೇ ಇರ್ಲಿ."

"ಅವಳು ನಿಮಗೋಸ್ಕರ ಕೂತಿದಾಳೆ. ಬನ್ನಿ," ಎಂದು ಕೈ ಹಿಡಿದು ಎಳೆದುಕೊಂಡು ಬಂದೆ.

ಚಪ್ಪರದ ಕಂಬದ ಪಕ್ಕ ನಿಂತಿದ್ದ ಅಪ್ಪ ಸರಿದು ದಾರಿ ಬಿಟ್ಟರು. ಚಿಕ್ಕಮ್ಮ ಸೆರಗಿಗೆ ಕೈ ಒರೆಸಿಕೊಂಡು, ಯಾರ ಮುಖವನ್ನೂ ನೋಡದೆ, "ಬಾರಮ್ಮ" ಎಂದರು. ಆಮೇಲೆ ನಿಲ್ಲಿಸಿದರು. ತಂಗಿ ಹೊಸ್ತಿಲು ದಾಟಿ ಬಂದು ಮಣೆಯ ಮೇಲೆ ಕುಳಿತು ತಲೆ ಬಗ್ಗಿಸಿದಳು. ಚಿಕ್ಕಮ್ಮ ಮುಂದಿನ ಸಾಲು ಬಿಟ್ಟು ಅವಳ ತಲೆಗೆ ಎಣ್ಣೆ ಇಟ್ಟರು. ಉಳಿದ ಹೆಂಗಸರು ತಮಗೆ ತೋಚಿದ ಹಾಗೆ ಹಾಡಿ ಮುಗಿಸಿದರು.

ದೊಡ್ಡಮ್ಮ ಸದ್ದಿಲ್ಲದೆ ಎದ್ದು ಹಿತ್ತಲಿಗೆ ಹೋದರು. ಹಿಂದೆಯೇ ಹೋದೆ. ಬಚ್ಚಲಿನ ಗೋಡೆಗೆ ಒರಗಿಕೊಂಡು ನಿಂತಿದ್ದರು.

"ಅವಳನ್ನ ಏನಂತ ಅನ್ಲಿ, ಎಳೇ ಮಗು ಆಗ," ಎಂದರು. "ನಿಮ್ಮಮ್ಮ ಹಾಡಿದ್ದು ನಿಂಗಾದ್ರೂ ನೆನಪಿದೆಯಲ್ಲ, ಅಷ್ಟು ಸಾಕು. ಎಲ್ಲಿ, ಒಂದು ಸಲ ಹೇಳು, ಕೇಳ್ತೀನಿ."

ನನಗೇನು ಅನುಮಾನ? ಧೈರ್ಯವಾಗಿ ಬಾಯಿ ತೆರೆದೆ. "ಬಾರಮ್ಮ" ಎಂದೆ. ಉಸಿರು ತಾನಾಗಿಯೇ ಅಲ್ಲಿ ನಿಂತಿತು. ಮತ್ತೆ ಎತ್ತಿಕೊಂಡೆ. ಮತ್ತೆ ಅಲ್ಲೇ ನಿಂತೆ. ಅಮ್ಮನ ಏರುದನಿಯನ್ನು ಈಗ ತಾನೇ ಕಿವಿಯಾರೆ ಕೇಳಿದ್ದೆ, ಆದರೂ ನನ್ನ ಬಾಯಿಗೆ ಬರಲಿಲ್ಲ.

ದೊಡ್ಡಮ್ಮ ತಿದ್ದಲಿಲ್ಲ. ನನ್ನ ತಲೆಯನ್ನು ತಮ್ಮ ಭುಜಕ್ಕೆ ಒರಗಿಸಿಕೊಂಡು, "ಹೋಗ್ಲಿ ಬಿಡವ್ವ," ಎಂದರು. ಅಮ್ಮ ಸತ್ತ ದಿನ ನನಗೆ ಅಳಲು ಆಗಿರಲಿಲ್ಲ, ತಂಗಿಯನ್ನು ಎತ್ತಿಕೊಂಡಿರಬೇಕಿತ್ತು. ತಂಗಿಯ ಹಸೆಯ ದಿನ, ಆ ಹಿತ್ತಲಿನಲ್ಲಿ ಅತ್ತುಬಿಟ್ಟೆ.