ಪಡುವಣ ಗೋಡೆಯ ಗುಂಡಿ

ದೊಡ್ಡ ಪುಟ್ಟೀ, ಸಣ್ಣ ಪುಟ್ಟೀ,

ಅಜ್ಜಿ ಬರೆದಿಟ್ಟದ್ದು ಎಂದರೆ ದೇವರ ಹಾಡೋ, ಸಂಡಿಗೆಯ ಅಳತೆಯೋ ಇರಬೇಕು ಎಂದುಕೊಂಡು ನೀವು ಈ ಹಾಳೆಗಳನ್ನು ಬಿಚ್ಚಿರಬಹುದು. ಇದು ಹೇಸಿಗೆಯ ವಿಷಯ. ಊಟಕ್ಕೆ ಕೂರುವ ಮೊದಲು ಓದಬೇಡಿ. ನಮ್ಮ ಮನೆಯ ಬಚ್ಚಲಿನ ನೀರು, ಪಾಯಿಖಾನೆಯ ನೀರು ಎಲ್ಲಿಗೆ ಹೋಗುತ್ತಿತ್ತು, ಹೋಗಬಾರದ ಜಾಗಕ್ಕೆ ಅದು ಹೇಗೆ ಬಂತು, ಅದರಲ್ಲಿ ನನ್ನ ಕೈ ಎಷ್ಟಿತ್ತು ಎಂಬುದನ್ನು ಬರೆಯುತ್ತಿದ್ದೇನೆ. ಇದನ್ನು ಬಾಯಿಬಿಟ್ಟು ಹೇಳಬೇಕಾದ ದಿನ ನಾನು ಹೇಳಲಿಲ್ಲ.

ನಾನು ಹುಟ್ಟಿದ್ದು ಸಿರುಗುಪ್ಪದ ಹತ್ತಿರದ ಹಳ್ಳಿಯಲ್ಲಿ. ಅಲ್ಲಿ ಮನೆಗಳಲ್ಲಿ ಪಾಯಿಖಾನೆ ಇರಲಿಲ್ಲ. ಹೆಂಗಸರೆಲ್ಲ ಚೊಂಬು ಹಿಡಿದು ಕಾಲುವೆಯ ಏರಿ ದಾಟಿ ಹೋಗುತ್ತಿದ್ದೆವು. ಆ ಕೆಲಸಕ್ಕೆ ನಮ್ಮಲ್ಲಿ ಹೆಸರೂ ಇರಲಿಲ್ಲ. ‘ಹೊರಗೆ’ ಎಂದರೆ ಸಾಕು. ಸಾಲೆಯಲ್ಲಿ ಬೆರಳೆತ್ತಿ ಮೇಷ್ಟ್ರ ಅಪ್ಪಣೆ ಕೇಳಬೇಕಿತ್ತು. ಗಂಡುಹುಡುಗರು ನಗುತ್ತಾರೆಂದು ನಾನು ಏಳನೆಯ ಇಯತ್ತೆ ಮುಗಿಯುವವರೆಗೂ ಒಂದು ದಿನವೂ ಬೆರಳೆತ್ತಲಿಲ್ಲ. ಹೊಟ್ಟೆ ಬಿಗಿಹಿಡಿದು ಕೂತೇ ಲೆಕ್ಕ, ಕನ್ನಡ ಎಲ್ಲ ಕಲಿತೆ. ಆ ಅಭ್ಯಾಸ ಮೈಗೆ ಅಂಟಿಕೊಂಡಿತು. ಹೊಲಸಿನ ಮಾತು ಬಂದರೆ ಇವತ್ತಿಗೂ ನಾನು ಎದ್ದು ಒಳಗೆ ಹೋಗುತ್ತೇನೆ.

ಮದುವೆಯಾಗಿ ಬಳ್ಳಾರಿಗೆ ಬಂದೆ. ನಿಮ್ಮಜ್ಜ ಗುಮಾಸ್ತರು. ಕಂಟೋನ್ಮೆಂಟಿನಾಚೆ ಬಯಲಿನಂತಿದ್ದ ಕಡೆ ನಿವೇಶನ ಕೊಂಡು ಮನೆ ಕಟ್ಟಲು ಹಿಡಿದರು. ಆಗ ನಿಮ್ಮಪ್ಪ ನನ್ನ ಹೊಟ್ಟೆಯಲ್ಲಿದ್ದ. ಭೂಮಿಪೂಜೆಯ ದಿನ ಹಿತ್ತಿಲಿನ ಮೂಡಣ ತುದಿಯಲ್ಲಿ ನಾನು ತವರಿನಿಂದ ತಂದ ತುಳಸಿ ನೆಟ್ಟೆ.

ಒಂದು ಸಂಜೆ ನಿಮ್ಮಜ್ಜ ಎಂಜಿನಿಯರ್ ಬರೆದುಕೊಟ್ಟ ನಕಾಶೆ ಹಾಸಿ ನನಗೆ ತಿಳಿಸಿ ಹೇಳಿದರು. ಪಾಯಿಖಾನೆಯಿಂದ ಬಂದದ್ದೆಲ್ಲ ಮೊದಲು ನೆಲದೊಳಗಿನ ಸೆಪ್ಟಿಕ್ ಟ್ಯಾಂಕಿಗೆ ಬೀಳುತ್ತದೆ. ಗಟ್ಟಿಯದು ತಳದಲ್ಲಿ ಕೂತು ಕೊಳೆಯುತ್ತದೆ. ಮೇಲಿನ ನೀರು ಪೈಪಿನಲ್ಲಿ ಹರಿದು ಇನ್ನೊಂದು ಗುಂಡಿಗೆ ಹೋಗುತ್ತದೆ. ಆ ಗುಂಡಿಗೆ ಗಾರೆಯಿಲ್ಲ, ತಳವಿಲ್ಲ. ಒಣಗಲ್ಲು ಜೋಡಿಸಿ, ಇಟ್ಟಿಗೆಯ ಚೂರು ತುಂಬಿ ಬಿಟ್ಟರೆ ನೀರು ಸುತ್ತಲಿನ ಮಣ್ಣಿಗೆ ಇಂಗಿಹೋಗುತ್ತದೆ. ಇಂಗುಗುಂಡಿ ಎಂದರೆ ಇದೇ.

ನಮ್ಮ ಹಳ್ಳಿಯಲ್ಲಿ ಹೊಲಸನ್ನು ಊರಾಚೆ ಬಿಟ್ಟು ಬರುತ್ತಿದ್ದೆವು. ಇಲ್ಲಿ ಅದನ್ನು ಕಾಂಪೌಂಡಿನೊಳಗೆ ಹೂತು ಅದರ ಮೇಲೆ ಓಡಾಡಬೇಕು. ಸಾಲದ್ದಕ್ಕೆ ಇಂಗುಗುಂಡಿಯ ಗುರುತು ನಕಾಶೆಯಲ್ಲಿ ಬಿದ್ದಿದ್ದು ನನ್ನ ತುಳಸಿಯ ಪಕ್ಕದಲ್ಲೇ. ದಿನಾ ಪ್ರದಕ್ಷಿಣೆ ಹಾಕುವ ಗಿಡದ ಬೇರಿಗೆ ಆ ನೀರು ಹೋಗುವುದೇ? ನಿಮ್ಮಜ್ಜನ ಮುಂದೆ ಆ ಮಾತು ಎತ್ತಲು ನಾಚಿಕೆಯಾಯಿತು. ಗುಂಡಿ ಅಗೆಯುವ ದಿನ ಅವರು ಆಫೀಸಿಗೆ ಹೋದ ಮೇಲೆ, ಮನೆ ಕಟ್ಟಲು ಕುರುಗೋಡಿನಿಂದ ಬಂದಿದ್ದ ಗೌಂಡಿಯನ್ನು ಕರೆದು, ಸೆರಗು ಬಾಯಿಗೆ ಹಿಡಿದುಕೊಂಡೇ ಪಡುವಣ ಗೋಡೆಯ ಕಡೆ ಕೈ ತೋರಿಸಿದೆ.

“ಅಲ್ಲಿ ಬ್ಯಾಡ್ರೀ ಅಮ್ಮಾರ,” ಎಂದ. “ಅಲ್ಲಿ ಎರಿ ಮಣ್ಣು ಐತಿ. ಅದು ನೀರು ಕುಡಿಯಂಗಿಲ್ಲ. ತುಳಸಿ ಕಡೆ ಗರಸು ಮಣ್ಣು ಐತಿ, ಎಷ್ಟು ಬಿಟ್ಟರೂ ಕುಡಿತೈತಿ.”

ನಾನು ಮತ್ತೆ ಪಡುವಣ ಗೋಡೆಗೇ ಕೈ ತೋರಿಸಿದೆ.

“ಯಜಮಾನ್ರಿಗೆ ಹೇಳೀರೇನ್ರಿ?”

ಹೌದೆಂದು ತಲೆಯಾಡಿಸಿದೆ. ಹೇಳಿರಲಿಲ್ಲ. ಭಾನುವಾರ ನಿಮ್ಮಜ್ಜ ಕೆಲಸ ನೋಡಲು ಬರುವಷ್ಟರಲ್ಲಿ ಗುಂಡಿ ತುಂಬಿ, ಕುರುಗೋಡಿನ ಕಲ್ಲುಚಪ್ಪಡಿ ಮುಚ್ಚಿ, ಮೇಲೆ ಮಣ್ಣೆಳೆದು ಹಿತ್ತಿಲನ್ನೆಲ್ಲ ಒಂದೇ ಸಮ ಮಾಡಿಯಾಗಿತ್ತು. ಅವರು ನಕಾಶೆಯನ್ನು ಮಡಿಸಿ ಟ್ರಂಕಿನಲ್ಲಿಟ್ಟರು. ಗುಂಡಿ ತುಳಸಿಯ ಪಕ್ಕ ಇದೆ ಎಂದೇ ತಿಳಿದು ಬದುಕಿದರು.

ಬಳ್ಳಾರಿಯ ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ನಿಮಗೆ ಹೇಳಬೇಕಿಲ್ಲ. ಒಂದು ಬೇಸಿಗೆ ನಿಮ್ಮಜ್ಜ ಬೇಸತ್ತು ಬೋರು ಹಾಕಿಸಲು ಹೊರಟರು. ನೀರು ನೋಡುವವನು ಬಂದ. ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹಿತ್ತಿಲೆಲ್ಲ ತಿರುಗಿದ. ತುಳಸಿಯ ಹತ್ತಿರ ಕಾಯಿ ಅಲುಗಲಿಲ್ಲ. ಪಡುವಣ ಗೋಡೆಯ ಹತ್ತಿರ ಹೋದಾಗ ಜುಟ್ಟು ಮೇಲೆ ಮಾಡಿ ನೆಟ್ಟಗೆ ನಿಂತಿತು.

“ಇಲ್ಲೇ ಐತ್ರಿ ಗಂಗಮ್ಮ. ಭಾಳ ಆಳಕ್ಕೂ ಹೋಗಬೇಕಿಲ್ಲ.”

ನಾನು ಅಡಿಗೆಮನೆಯ ಬಾಗಿಲ ಹಿಂದೆ ನಿಂತಿದ್ದೆ. ಹಿತ್ತಿಲಲ್ಲಿ ನಾಲ್ಕೈದು ಗಂಡಸರಿದ್ದರು. ಅವರ ಮುಂದೆ ಹೋಗಿ, ಅಲ್ಲಿ ನಮ್ಮ ಪಾಯಿಖಾನೆಯ ನೀರು ಇಂಗುತ್ತದೆ ಎನ್ನಬೇಕು. ಗಂಡನಿಗೆ ಸುಳ್ಳು ಹೇಳಿದ್ದೆ ಎಂದೂ ಒಪ್ಪಬೇಕು. ಹೊಸ್ತಿಲು ದಾಟಲಿಲ್ಲ. ಗಾಡಿ ಬಂತು, ಕೊರೆಯಿತು, ನೀರು ಚಿಮ್ಮಿತು. ನಿಮ್ಮಜ್ಜ ಓಣಿಗೆಲ್ಲ ಸಕ್ಕರೆ ಹಂಚಿದರು.

ಮುಂದಿನದು ಇನ್ನೂ ಹೇಸಿಗೆ. ಬೋರಿನ ನೀರು ನೋಡಲು ಕನ್ನಡಿಯಂತಿತ್ತು. ವರ್ಷ ಕಳೆದಂತೆ, ಅಷ್ಟು ಆಳದ ನೀರಿಗೆ ಏನಾಗುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಮ್ಮಜ್ಜ ತೀರಿಕೊಂಡ ಮೇಲೆ ನನಗೆ ಮಡಿ ಜಾಸ್ತಿಯಾಯಿತು. ನಲ್ಲಿ ನೀರು ಯಾವ ಗಟಾರದ ಪಕ್ಕದ ಪೈಪಿನಲ್ಲಿ ಬರುತ್ತದೋ, ಕ್ಯಾನಿನ ನೀರನ್ನು ಯಾರು ಮುಟ್ಟಿರುತ್ತಾರೋ! ನಮ್ಮ ನೆಲದಿಂದ ನಾನೇ ಹಿಡಿದ ನೀರು ಮಾತ್ರ ದೇವರಿಗೆ ಎಂದು ಹಟ ಹಿಡಿದೆ. ಮಳೆಗಾಲದಲ್ಲಿ ಕೊಡದಿಂದ ನೆನೆದ ನಾರಿನಂಥ ಒಂದು ವಾಸನೆ ಬರುತ್ತಿತ್ತು. ತೀರ್ಥಕ್ಕೆ ಹಾಕುವ ಪಚ್ಚಕರ್ಪೂರವನ್ನು ಒಂದು ಚಿಟಿಕೆ ಹೆಚ್ಚು ಹಾಕುತ್ತಿದ್ದೆ. ಏಕೆ ಹೆಚ್ಚು ಹಾಕುತ್ತೇನೆ ಎಂದು ನನ್ನನ್ನು ನಾನೇ ಕೇಳಿಕೊಳ್ಳಲಿಲ್ಲ.

ನಿಮ್ಮಪ್ಪ ಪೂಜೆ ಮುಗಿಸಿ ಕೆಲಸಕ್ಕೆ ಹೋಗುತ್ತಿದ್ದ. ನೀವಿಬ್ಬರೂ ಸ್ನಾನ ಮಾಡಿ ಬಂದು ಅಂಗೈ ಚಾಚುತ್ತಿದ್ದಿರಿ. ದಿನಾ ಮೂರು ಮೂರು ಉದ್ಧರಣೆ ನಾನೇ ಹಾಕುತ್ತಿದ್ದೆ. ನೀವು ಸೊರ್ರೆಂದು ಕುಡಿದು ಕೈಯನ್ನು ತಲೆಗೆ ಒರೆಸಿಕೊಳ್ಳುತ್ತಿದ್ದಿರಿ.

ಹೋದ ವರ್ಷ ಮಳೆ ಹಿಡಿದಾಗ ಸಣ್ಣ ಪುಟ್ಟಿ, ನಿನಗೆ ಕಾಮಣಿ ಆಯಿತು. ಕಣ್ಣು ಅರಿಸಿನದ ನೀರಿನಂತಾಗಿತ್ತು. ಅನ್ನ ಕಂಡರೆ ಓಕರಿಸುತ್ತಿದ್ದೆ. ಆಸ್ಪತ್ರೆಯಲ್ಲಿ ಡಾಕ್ಟರು ಮನೆಯಲ್ಲಿ ಯಾವ ನೀರು ಕುಡಿಯುತ್ತೀರಿ ಎಂದು ಕೇಳಿದರು. “ಫಿಲ್ಟರ್ ನೀರಿನ ಕ್ಯಾನ್ ತರಸ್ತೀವ್ರಿ. ಬ್ಯಾರೆ ನೀರು ಮಕ್ಕಳ ಬಾಯಿಗೆ ಹಾಕಿಲ್ಲ,” ಎಂದಳು ನಿಮ್ಮಮ್ಮ. ನಾನು ಮಂಚದ ಹತ್ತಿರವೇ ನಿಂತಿದ್ದೆ. ನಿನ್ನ ಅಂಗೈ ಹಾಸಿಗೆಯ ಮೇಲೆ ಬಿಚ್ಚಿಕೊಂಡಿತ್ತು. ಆಗಲೂ ಹೇಳಲಿಲ್ಲ.

ಅದೇ ವಾರ ಮನೆಯಲ್ಲಿ ಬಚ್ಚಲು ಕಟ್ಟಿಕೊಂಡಿತು. ಪಾಯಿಖಾನೆಯಲ್ಲಿ ನೀರು ಹಾಕಿದರೆ ಇಳಿಯುವ ಬದಲು ಏರಿ ಬರುತ್ತಿತ್ತು. ಸ್ನಾನದ ಜಾಲರಿಯಿಂದ ಬೂದಿಬಣ್ಣದ ನೊರೆ ಎದ್ದು, ಅದರಲ್ಲಿ ತೇಲಬಾರದ್ದು ತೇಲುತ್ತಿತ್ತು. ನಿಮ್ಮಪ್ಪ ಸಕ್ಕಿಂಗ್ ಗಾಡಿ ಕರೆಸಿದ. ಆನೆಯ ಸೊಂಡಿಲಿನಂಥ ಪೈಪು ಟ್ಯಾಂಕಿನೊಳಗೆ ಇಳಿದು ಗೊಳಗೊಳ ಎಳೆಯಿತು. ಅಕ್ಕಪಕ್ಕದವರು ಕಿಟಕಿ ಮುಚ್ಚಿದರು. ಇದನ್ನೆಲ್ಲ ಎಲ್ಲಿ ಸುರಿಯುತ್ತೀರಿ ಎಂದು ನಿಮ್ಮಮ್ಮ ಕೇಳಿದಳು. “ಹೊಲದೋರು ಕೇಳಿ ಹಾಕಿಸ್ಕೊಂತಾರ್ರೀ ಅಕ್ಕಾರ. ಸೊಪ್ಪು ಭೇಷ್ ಬರತೈತಿ,” ಎಂದ ಗಾಡಿಯವನು. ಆಮೇಲೆ ತಿಂಗಳುಗಟ್ಟಲೆ ನಾನು ಸೊಪ್ಪು ಮುಟ್ಟಲಿಲ್ಲ.

ನಾಲ್ಕು ದಿನಕ್ಕೆ ಟ್ಯಾಂಕು ಮತ್ತೆ ತುಂಬಿತು. ಗಾಡಿಯವನು ಬಂದು ಬಗ್ಗಿ ನೋಡಿದ.

“ಸಾರ್, ಟ್ಯಾಂಕಿಂದು ತಪ್ಪಲ್ಲ. ಮುಂದಿನ ಇಂಗೋ ಗುಂಡಿ ಬಾಯಿ ಮುಚ್ಚೈತಿ. ನಾ ವಾರವಾರ ಬಂದ್ರ ನನಗ ಚಲೋ, ನಿಮಗಲ್ಲ. ಗುಂಡಿ ಎಲ್ಲೈತಿ ತೋರಸ್ರಿ.”

“ನಕಾಶದಾಗ ಅದ, ತಡೀರಿ,” ಎಂದು ನಿಮ್ಮಪ್ಪ ಟ್ರಂಕು ತೆಗೆದ.

ಎರಡು ದಿನ ಇಬ್ಬರು ಆಳುಗಳು ತುಳಸಿಯ ಪಕ್ಕ ಅಗೆದರು. ಚಪ್ಪಡಿಯೂ ಇಲ್ಲ, ಇಟ್ಟಿಗೆಯ ಚೂರೂ ಇಲ್ಲ. “ಈ ಮಣ್ಣು ಯಾರೂ ಮುಟ್ಟಿಲ್ರಿ ಸಾರ್,” ಎಂದು ಒಬ್ಬ ಸಲಿಕೆ ಊರಿ ನಿಂತ. “ಇನ್ನೂ ಸ್ವಲ್ಪ ಅಗಿಸ್ರಿ,” ಎಂದಳು ನಿಮ್ಮಮ್ಮ ಗಂಡನಿಗೆ. “ಮಾವನವರ ನಕಾಶ ಹಿಡಕೊಂಡು ಹಿಂಗ ಹೋದ್ರ ಆಂಧ್ರಕ್ಕ ಮುಟ್ಟತೀರಿ.” ಅವನಿಗೆ ನಗುವ ಮನಸ್ಸಿರಲಿಲ್ಲ. ಮನೆ ಕಟ್ಟಿದ ಗೌಂಡಿ ಇನ್ನೂ ಇದ್ದಾನೆಂದು ಯಾರೋ ಹೇಳಿದ್ದು ಕೇಳಿ, ಅವನನ್ನು ಕರೆತರಲು ಕುರುಗೋಡಿಗೆ ಹೊರಟ. ನಾನು ಬಾಗಿಲ ಹಿಂದೆ ನಿಂತು ಎಲ್ಲ ನೋಡುತ್ತಿದ್ದೆ.

ಸಣ್ಣ ಪುಟ್ಟಿ, ಹಿಂದಿನ ದಿನವಷ್ಟೇ ನಿನ್ನನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದಿದ್ದರು. ನಿಮ್ಮಪ್ಪ ಹೋದ ಸ್ವಲ್ಪ ಹೊತ್ತಿಗೆ ನೀನು ದೇವರ ಮನೆಯ ಹೊಸ್ತಿಲಿಗೆ ಬಂದು ಕೈ ಚಾಚಿದೆ. ಕೈ ಕಡ್ಡಿಯಾಗಿತ್ತು.

“ಅಜ್ಜೀ, ತೀರ್ಥ. ಆಸ್ಪತ್ರ್ಯಾಗ ಯಾರೂ ಕೊಡಲೇ ಇಲ್ಲ.”

ಉದ್ಧರಣೆಯಲ್ಲಿ ನೀರು ತುಂಬಿ ಎತ್ತಿದೆ. ಪಚ್ಚಕರ್ಪೂರದ ವಾಸನೆ ಬಂತು. ಅದರ ಹಿಂದೆಯೇ ಬಚ್ಚಲಿನ ನಾತ ಬಂತು. ಯಾವುದು ಬಟ್ಟಲಿನದು, ಯಾವುದು ಬಚ್ಚಲಿನದು ಎಂದು ನನಗೆ ತಿಳಿಯದಾಯಿತು. ನೀರನ್ನು ವಾಪಸ್ಸು ಬಟ್ಟಲಿಗೆ ಸುರಿದೆ.

“ಇವತ್ತು ಬ್ಯಾಡ.”

“ಯಾಕ? ನನ್ನ ಸ್ನಾನ ಆಗೇದ.”

“ಕೊಡ್ರಿ ಅತ್ತೀ, ಪಾಪ ಕೇಳ್ತಾಳ,” ಎಂದಳು ನಿಮ್ಮಮ್ಮ ಅಡಿಗೆಮನೆಯಿಂದ.

“ಗುಂಡಿ ಅಲ್ಲಿಲ್ಲ,” ಎಂದೆ.

“ಯಾವ ಗುಂಡಿ?”

“ಅವರು ಅಗದದ್ದು. ಅದು ಬೋರಿನ ಬುಡದಾಗ ಅದ. ನಾನೇ ಅಲ್ಲಿ ತೋಡಿಸಿದ್ದೆ.”

ನಿಮ್ಮಮ್ಮ ಕೈ ಒರೆಸಿಕೊಳ್ಳುತ್ತ ಬಂದು ನಿಂತಳು. ನನ್ನ ಮುಖ ನೋಡಲಿಲ್ಲ, ಬಟ್ಟಲನ್ನೇ ನೋಡಿದಳು. ಅದು ಯಾವ ನೀರು ಎಂದು ಕೇಳುವುದು ಅವಳಿಗೆ ಬೇಕಿರಲಿಲ್ಲ.

“ಹಸಿ ನೀರು,” ಎಂದಳು. “ಎಂದಿನಿಂದ ಗೊತ್ತಿತ್ರಿ ನಿಮಗ?”

“ಬೋರು ಹಾಕಿದ ದಿನದಿಂದ.”

ಅವಳು ಬಟ್ಟಲು ಎತ್ತಿಕೊಂಡು ಹಿತ್ತಿಲಿಗೆ ನಡೆದಳು. ತುಳಸಿಗೆ ಹಾಕಲು ಬಗ್ಗಿದವಳು ಹಾಗೇ ಎದ್ದು ಬಂದು ತುಂಬಿ ನಿಂತ ಬಚ್ಚಲಿಗೆ ಸುರಿದಳು. ತುಳಸಿ ದಳವೊಂದು ಆ ನೊರೆಯ ಮೇಲೆ ತೇಲಿತು. ಹದಿನೈದು ದಿನ ಕಣ್ಣು ಮುಚ್ಚಿದರೆ ನನಗೆ ಅದೇ ಕಾಣುತ್ತಿತ್ತು.

ಮಧ್ಯಾಹ್ನ ನಿಮ್ಮಪ್ಪ ಗೌಂಡಿಯನ್ನು ಕರೆತಂದ. ಮುದುಕನಾಗಿದ್ದರೂ ಗುರುತು ಸಿಕ್ಕಿತು. ಅವನು ಯಾರನ್ನೂ ಕೇಳದೆ ಸೀದಾ ಪಡುವಣ ಗೋಡೆಗೆ ಹೋಗಿ ಕೋಲಿನಿಂದ ನೆಲ ಕುಟ್ಟಿದ. ಮಣ್ಣು ಸರಿಸಿ, ಹಾರೆ ಹಾಕಿ ಚಪ್ಪಡಿ ಎತ್ತಿದರು. “ಒಳಗ ಯಾರೂ ಇಳಿಯಂಗಿಲ್ಲ, ಅದರ ಗಾಳಿನ ಕೊಲ್ಲತೈತಿ,” ಎಂದು ಗಾಡಿಯವನು ಎಲ್ಲರನ್ನೂ ಹಿಂದೆ ಸರಿಸಿದ. ನಾನು ಮಾತ್ರ ಅವತ್ತು ಬಾಗಿಲ ಹಿಂದೆ ನಿಲ್ಲಲಿಲ್ಲ. ನೋಡಲೇಬೇಕು ಎಂದು ಹೋಗಿ ನೋಡಿದೆ.

ಚಪ್ಪಡಿಯ ತಳದಲ್ಲಿ ಜಿರಲೆಗಳು ಒಂದರ ಮೇಲೊಂದು ಹತ್ತಿ ಗಿಜಿಗುಡುತ್ತಿದ್ದವು. ಒಳಗೆ ಕಪ್ಪು ಅಂಬಲಿಯಂಥದ್ದು ಅಂಚಿನವರೆಗೆ ನಿಂತು, ಕೆನೆಗಟ್ಟಿ, ನಡುನಡುವೆ ಗುಳ್ಳೆ ಒಡೆಯುತ್ತಿತ್ತು. ಒಂದು ಮಾರು ಆಚೆ ಬೋರಿನ ಕೊಳವೆ. ಅದರ ಬುಡದ ಸಿಮೆಂಟು ಬಿರಿದು, ಸುತ್ತಲಿನ ಎರೆಮಣ್ಣು ನೆನೆದು ಹೊಳೆಯುತ್ತಿತ್ತು. ನಾನು ಗೋಡೆ ಹಿಡಿದು ವಾಂತಿ ಮಾಡಿಕೊಂಡೆ. ಹೊಟ್ಟೆಯಲ್ಲಿದ್ದದ್ದೂ ಅದೇ ನೀರು ಎಂದು ನೆನಪಾಗಿ ಮತ್ತೆ ಬಂತು.

“ಅವತ್ತ ಹೇಳಿದ್ನಲ್ರೀ ಅಮ್ಮಾರ, ಈ ಮಣ್ಣು ನೀರು ಕುಡಿಯಂಗಿಲ್ಲ ಅಂತ,” ಎಂದ ಗೌಂಡಿ. “ಬ್ಯಾಸಿಗ್ಯಾಗ ಬಿರಕು ಬಿಡತೈತಿ, ಮಳಿಗೆ ಆ ಬಿರಕಿನಾಗ ಎಲ್ಲಾ ಇಳಿತೈತಿ. ಅದಿರ್ಲಿ, ಈ ಬೋರು ಯಾವ ಶಾಣ್ಯಾ ಹಾಕಿಸಿದ?”

“ತೆಂಗಿನಕಾಯಿ ಎದ್ದು ನಿಂತಿತ್ತು,” ಎಂದ ನಿಮ್ಮಪ್ಪ ಸಣ್ಣ ದನಿಯಲ್ಲಿ.

“ನಿಲ್ಲದ ಏನ್ ಮಾಡತೈತ್ರಿ? ಮನಿ ಮಂದಿ ನೀರೆಲ್ಲಾ ಇಲ್ಲೇ ಇತ್ತಲ್ಲ.”

ಆಳುಗಳು ನಕ್ಕರು. ನಿಮ್ಮಪ್ಪ ನನ್ನ ಕಡೆ ತಿರುಗಿದ. ಆಮೇಲೆ ಬೋರಿನ ಸ್ವಿಚ್ಚಿನ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡ.

ನಿನ್ನ ಕಾಮಣಿ ಆ ನೀರಿನಿಂದಲೇ ಬಂತೆಂದು ಡಾಕ್ಟರು ಹೇಳಲಿಲ್ಲ. ಅಲ್ಲ ಎಂದೂ ಹೇಳಲಿಲ್ಲ. ವರ್ಷಗಳಿಂದ ನನ್ನ ಹೊಟ್ಟೆ ಕೆಡುತ್ತಿದ್ದದ್ದನ್ನು ನಾನು ವಯಸ್ಸಿನ ಮೇಲೆ, ಏಕಾದಶಿಯ ಉಪವಾಸದ ಮೇಲೆ ಹಾಕುತ್ತಿದ್ದೆ.

ಗಾಡಿಯವನು ಹಳೆಯ ಗುಂಡಿಯನ್ನು ಎಳೆದು ಖಾಲಿ ಮಾಡಿದ. ಅದಕ್ಕೆ ಸುಣ್ಣ, ಕಲ್ಲು, ಮಣ್ಣು ತುಂಬಿಸಿದರು. ಬೋರಿನ ಬಾಯಿಗೆ ಸಿಮೆಂಟು ಹಾಕಿದರು. ತುಳಸಿಯ ಪಕ್ಕ ಹೇಗೂ ಆಳುಗಳು ಎರಡು ದಿನ ತೋಡಿದ್ದರಲ್ಲ, ಅದನ್ನೇ ಇಂಗುಗುಂಡಿ ಮಾಡಿದರು. ನಿಮ್ಮಜ್ಜನ ನಕಾಶೆ ಕೊನೆಗೆ ನಿಜವಾಯಿತು. ತುಳಸಿ ಮಹಡಿಯ ಕುಂಡಕ್ಕೆ ಹೋಯಿತು. ದೇವರಿಗೆ ಈಗ ಕಾಯಿಸಿ ಆರಿಸಿದ ನಲ್ಲಿ ನೀರು. ಮಡಿ ಕೆಟ್ಟಿತೆಂದು ನನಗನ್ನಿಸುವುದಿಲ್ಲ. ಅದು ಮೊದಲು ಎಷ್ಟಿತ್ತು ಎಂಬುದನ್ನು ಕಣ್ಣಾರೆ ಕಂಡಿದ್ದೇನೆ.

ನಿಮ್ಮಮ್ಮ ಬಹಳ ದಿನ ನನ್ನೊಡನೆ ಬೇಕಾದಷ್ಟೇ ಮಾತಾಡಿದಳು. ಒಂದು ದಿನ ನಿಮ್ಮ ಹಳೆಯ ನೋಟುಬುಕ್ಕು, ಪೆನ್ನು ತಂದು ನನ್ನ ಮುಂದಿಟ್ಟಳು. “ಅತ್ತೀ, ಬಾಯಿಲೆ ಹೇಳಲಿಕ್ಕೆ ಆಗಂಗಿಲ್ಲ ಅಂದ್ರ ಬರದರ ಇಡ್ರಿ. ನಾಳೆ ನಾವಿಲ್ಲದಾಗ ಈ ಹುಡುಗ್ಯಾರು ಮತ್ತ ಅಲ್ಲೇ ಬೋರು ತಗಸಬಾರದು.”

ಅದಕ್ಕೇ ಇಷ್ಟು ಬರೆದೆ. ಅಡಿಗೆಮನೆಯ ಹಿಂಬಾಗಿಲ ಹೊಸ್ತಿಲಿಂದ ಪಡುವಣಕ್ಕೆ ನನ್ನ ಹೆಜ್ಜೆಯಲ್ಲಿ ಹನ್ನೊಂದು ನಡೆದರೆ ಹಳೆಯ ಗುಂಡಿ. ಅಲ್ಲಿಂದ ಗೋಡೆಯ ಕಡೆಗೆ ಮೂರು ಹೆಜ್ಜೆಗೆ ಮುಚ್ಚಿದ ಬೋರು. ಅದೇ ಹೊಸ್ತಿಲಿಂದ ಮೂಡಣಕ್ಕೆ ಒಂಬತ್ತು ನಡೆದರೆ ಹೊಸ ಗುಂಡಿ. ಮೇಲೆ ಈಗ ಹುಲ್ಲು ಬೆಳೆದು ಎಲ್ಲ ಒಂದೇ ಸಮ ಕಾಣುತ್ತದೆ, ಅದನ್ನು ನಂಬಬೇಡಿ. ಎಷ್ಟೇ ನೀರಿಲ್ಲದ ಬೇಸಿಗೆ ಬಂದರೂ ಆ ಬೋರಿನ ಬಾಯಿ ಒಡೆಸಬೇಡಿ. ಯಾರ ಅಂಗೈಯಲ್ಲಿ ಕಾಯಿ ನಿಂತರೂ ಒಡೆಸಬೇಡಿ.

ಈ ಹಾಳೆಗಳನ್ನು ಇರುವೆ, ಜಿರಲೆ ಮುಟ್ಟದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮನೆಪತ್ರದ ಟ್ರಂಕಿನಲ್ಲಿಡಿ. ನಿಮ್ಮಜ್ಜನ ನಕಾಶೆಯ ಕೆಳಗೆ ಇಡಬೇಡಿ, ಮೇಲೆ ಇಡಿ. ಮನೆ ಮಾರುವ ಕಾಲ ಬಂದರೆ ಕೊಂಡವರ ಕೈಗೆ ಬೀಗದ ಕೈ ಜೊತೆ ಇದನ್ನೂ ಕೊಡಿ. ಅವರು ಓದಿ ಮೂಗು ಮುಚ್ಚಿಕೊಂಡರೆ ಮುಚ್ಚಿಕೊಳ್ಳಲಿ. ಅಲ್ಲಿಯವರೆಗೆ ಜೋಪಾನ ಮಾಡಿ.