ತೋಟಾ ತಾತ ತುಂಬಿದ ಗುಂಡು

ಅವರ ಬಲಗೈ ಹೆಬ್ಬೆರಳಿನ ತುದಿಯಲ್ಲಿ ಕಡಲೆಕಾಳು ಕೂರುವಷ್ಟು ಒಂದು ಗುಳಿ ಇತ್ತು. ಅದರ ಸುತ್ತಲಿನ ಚರ್ಮ ಸೀಸದ ಬಣ್ಣಕ್ಕೆ ತಿರುಗಿತ್ತು. ಎಷ್ಟು ಸೋಪು ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. ತಾವು ತುಂಬಿದ ಪ್ರತಿಯೊಂದು ಪಿಸ್ತೂಲು ತೋಟಾವನ್ನೂ ಅಂಗೈಯಲ್ಲಿ ಹಿಡಿದು, ಗುಂಡಿನ ಮೂತಿಯನ್ನು ಆ ಹೆಬ್ಬೆರಳಿನಿಂದ ಬಲವಾಗಿ ಒತ್ತಿ ನೋಡದೆ ಅವರು ಪೆಟ್ಟಿಗೆಗೆ ಹಾಕುತ್ತಿರಲಿಲ್ಲ.

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯ ಪಕ್ಕ, ಕೆಲಸ ನಿಂತುಹೋದ ಕಲ್ಲುಗಣಿಯೊಂದರಲ್ಲಿ ನಮ್ಮ ಪಿಸ್ತೂಲು ಕ್ಲಬ್ಬು. ಸುತ್ತ ಕಬ್ಬಿನ ಗದ್ದೆ. ಹೊರಗಿನಿಂದ ತರಿಸುವ ತೋಟಾ ನಮಗೆ ಎಟಕುತ್ತಿರಲಿಲ್ಲವಾದ್ದರಿಂದ, ಖಾಲಿಯಾದ ಹಿತ್ತಾಳೆ ಕೊಳವೆಗಳನ್ನೇ ಮತ್ತೆ ತುಂಬಿಕೊಳ್ಳಲು ಕ್ಲಬ್ಬು ಪರವಾನಗಿ ಪಡೆದಿತ್ತು. ಆ ಕೆಲಸ ಅವರದು. ಪೊಲೀಸ್ ಇಲಾಖೆಯಲ್ಲಿ ಬಂದೂಕು ರಿಪೇರಿ ಮಾಡಿ ನಿವೃತ್ತರಾದವರು. ಬಸರಾಳು ಕಡೆಯವರು, ಮದುವೆಯಾಗಿರಲಿಲ್ಲ. ಮದ್ದೂರಿನಲ್ಲಿ ಒಂದು ಲೇತ್ ಅಂಗಡಿಯ ಹಿಂದೆ ಬಾಡಿಗೆ ಕೋಣೆಯಲ್ಲಿದ್ದರು. ಎಲ್ಲರೂ ತೋಟಾ ತಾತ ಎನ್ನುತ್ತಿದ್ದರು.

ಸರ್ವಿಸಿನುದ್ದಕ್ಕೂ ಗುಂಡಿನ ಸದ್ದು ಕೇಳಿ ಕೇಳಿ ಅವರ ಕಿವಿ ಹೋಗಿತ್ತು. ಮಾತಾಡಿಸಬೇಕೆಂದರೆ ಕೂಗಬೇಕು. ಕೂಗಿ ಎಷ್ಟು ಹೊತ್ತು ಮಾತಾಡಲಾದೀತು? ಬರಬರುತ್ತ ಎಲ್ಲರೂ ಕೈಸನ್ನೆಯಲ್ಲೇ ಮುಗಿಸತೊಡಗಿದ್ದರು. ಆಗ ಕ್ಲಬ್ಬಿನಲ್ಲಿದ್ದ ಹೆಂಗಸು ನಾನೊಬ್ಬಳೇ. ನಮ್ಮೂರು ಕೊಪ್ಪದಿಂದ ಬಂದು ಬಸ್ಸಿಳಿದರೆ, ಗಂಡಸರು ತಮ್ಮತಮ್ಮಲ್ಲೇ ನಗುತ್ತ ನಿಂತಿರುತ್ತಿದ್ದರು. ಹಾಗಾಗಿ ನಾನು ತೋಟಾ ತುಂಬುವ ಕೋಣೆಗೆ ಹೋಗಿ ತಾತನ ಎದುರು ಕೂರುತ್ತಿದ್ದೆ. ಮುಖಕ್ಕೆ ಮುಖ ಕೊಟ್ಟು ನಿಧಾನವಾಗಿ ಆಡಿದರೆ ಸಾಕು, ಕೂಗಬೇಕಿಲ್ಲ ಎಂದು ನನಗೆ ತಿಳಿದದ್ದು ಹಾಗೆ.

"ನಿನ್ ಮಾತು ಕಾಣಿಸ್ತದೆ ಕಣಮ್ಮಿ," ಎಂದಿದ್ದರು ಒಮ್ಮೆ. ಕಿವುಡರಾದ್ದರಿಂದ ಜೋರಾಗಿಯೇ ಹೇಳಿದ್ದರು. ಹೊರಗೆ ನಿಂತವರು ತಿರುಗಿ ನೋಡಿದರು.

ಸೀಸ ಕರಗಿಸಿ ಅಚ್ಚಿಗೆ ಹೊಯ್ದ ಗುಂಡುಗಳು ಒಂದು ತಗಡಿನ ಡಬ್ಬಿಯಲ್ಲಿರುತ್ತಿದ್ದವು. ಒಂದೊಂದನ್ನೇ ಮದ್ದು ಹಾಕಿದ ಕೊಳವೆಯ ಬಾಯಿಗಿಟ್ಟು, ಪ್ರೆಸ್ಸಿನ ಹಿಡಿ ಎಳೆದು, ಬೇಕಾದಷ್ಟೇ ಆಳಕ್ಕೆ ಕೂರಿಸಿ, ಆಮೇಲೆ ಬಾಯಿ ಬಿಗಿಯುತ್ತಿದ್ದರು. ಅವರಿಗೆ ಕಷ್ಟವೆನಿಸುತ್ತಿದ್ದುದು ಈ ಬಿಗಿ.

"ಸೀಸ ಮೆತ್ತಗಿನ ಜಾತಿ. ಜಾಸ್ತಿ ಹಿಸುಕುದ್ರೆ ಸೊಂಟ ಮುರಿತದೆ, ನೆಟ್ಗೆ ಓಗಾಕಿಲ್ಲ. ಸಡ್ಲ ಬುಟ್ರೆ ಒಳಿಕ್ಕೆ ಜಾರ್ತದೆ. ಒಳಿಕ್ಕೆ ಜಾರುದ್ರೆ ಮದ್ದು ಉಸ್ರಾಡಾಕೆ ಜಾಗ ಎಲ್ಲದೆ ಹೇಳು? ಪಿಸ್ತೂಲ್ನೇ ಸೀಳ್ಕೊಂಡು ಬತ್ತದೆ."

ರಾಜ್ಯಮಟ್ಟದ ಸ್ಪರ್ಧೆಗೆ ಇನ್ನೇನು ಹೊರಡಬೇಕು ಎನ್ನುವ ವಾರ. ಕೊನೆಯ ಅಭ್ಯಾಸಕ್ಕೆ ನಿಂತಿದ್ದೆ. ಮ್ಯಾಗಜೀನಿಗೆ ತುಂಬಲೆಂದು ತೋಟಾಗಳನ್ನು ಮುಂದಿನ ಹಲಗೆಯ ಮೇಲೆ ಸಾಲಾಗಿ ನಿಲ್ಲಿಸಿದ್ದೆ. ಹಿಂದೆ ಕುರ್ಚಿಯಲ್ಲಿದ್ದ ತಾತ ಎದ್ದು ಬಂದವರೇ ನನ್ನ ಮಣಿಕಟ್ಟು ಹಿಡಿದರು. ಸಾಲಿನಲ್ಲಿ ಒಂದು ತೋಟಾ ಉಳಿದವಕ್ಕಿಂತ ಕೂದಲೆಳೆಯಷ್ಟು ಗಿಡ್ಡವಿತ್ತು. ನಾನು ಗಮನಿಸಿರಲಿಲ್ಲ. ಅದನ್ನೆತ್ತಿ ಗುಂಡಿನ ಮೂತಿಯನ್ನು ಹಲಗೆಯ ಅಂಚಿಗೆ ಒತ್ತಿದರು. ಹಸಿ ಮಣ್ಣಿಗೆ ಕಡ್ಡಿ ಚುಚ್ಚಿದ ಹಾಗೆ ಗುಂಡು ಕೊಳವೆಯೊಳಕ್ಕೆ ಇಳಿದುಹೋಯಿತು.

ತಾತ ಅದನ್ನೇ ನೋಡುತ್ತ ನಿಂತರು. ಆಮೇಲೆ ಸಾಲಿನಿಂದ ಇನ್ನೊಂದನ್ನು ಎತ್ತಿ ಹೆಬ್ಬೆರಳಿನಿಂದ ಒತ್ತಿದರು. ಮತ್ತೊಂದನ್ನು ಒತ್ತಿದರು. ಯಾವುದೂ ಅಲುಗಲಿಲ್ಲ. ಆದರೂ ಅವರ ಮುಖ ಬಿಳಿಚಿಕೊಂಡಿತು.

"ನಿನ್ನೆ ಇದ್ನೂ ಒತ್ತಿ ನೋಡಿದ್ನಲ್ಲಮ್ಮಿ," ಎಂದರು. ಅಪರೂಪಕ್ಕೆ ದನಿ ಮೆತ್ತಗಿತ್ತು. "ಗೊತ್ತಾಗ್ನಿಲ್ಲ."

ಕ್ಲಬ್ಬಿನ ಕಾರ್ಯದರ್ಶಿ ಓಡಿ ಬಂದರು. "ಕೆಟ್ಟಿರೋದು ಒಂದೇ ತಾನೆ ತಾತ? ಮಿಕ್ಕಿದ್ದ ಇನ್ನೊಂದ್ಸಲ ನೋಡ್ಬುಟ್ಟು ತಕೊಂಡೋಗಣ. ಹುಡುಗ್ರು ವರ್ಸವೆಲ್ಲ ಕಾದವ್ರೆ."

ತಾತ ನನ್ನ ಕಡೆ ತಿರುಗಿದರು. ಕಾರ್ಯದರ್ಶಿಯ ಮಾತನ್ನು ತಾತನ ಮುಖ ನೋಡುತ್ತ ನಿಧಾನವಾಗಿ ಹೇಳಿದೆ.

"ನೋಡಾಕೆ ಬೆಳ್ಳು ಬೇಕಲ್ಲಪ್ಪ," ಎಂದು ಹೆಬ್ಬೆರಳು ಎತ್ತಿ ತೋರಿಸಿದರು. "ಸಕ್ರೆ ಕಾಯ್ಲೆ ಬಂದು ಕಾಲು ಜೋಮು ಹಿಡಿದಿತ್ತು. ಈಗ ಬೆಳ್ಳೂ ಸತ್ತೋಗದೆ. ಯಾವ್ದು ಬಿಗಿ, ಯಾವ್ದು ಸಡ್ಲ, ನಂಗೆ ತಿಳೀತಿಲ್ಲ. ಈ ಪೆಟ್ಗೇಲಿ ಒಂದ್ನೂ ಮುಟ್ಬ್ಯಾಡಿ."

ಕಾರ್ಯದರ್ಶಿ ಬೇಡಿಕೊಂಡರು, ರೇಗಿದರು. ತಾತ ಪೆಟ್ಟಿಗೆಯನ್ನು ಕಂಕುಳಲ್ಲಿ ಅವುಚಿಕೊಂಡು ತುಂಬುವ ಕೋಣೆಗೆ ನಡೆದುಬಿಟ್ಟರು. ಆ ಸಲ ನಾವು ಸ್ಪರ್ಧೆಗೆ ಹೋಗಲಿಲ್ಲ. ಒಬ್ಬಿಬ್ಬರು ಅವರ ಮುಖ ನೋಡುವುದನ್ನೂ ಬಿಟ್ಟರು. ನನಗೂ ಬೇಸರವಿತ್ತು, ಇಲ್ಲವೆನ್ನಲಾರೆ. ಆದರೆ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ ನನ್ನ ಬಲಗೈಯನ್ನೇ ನೋಡಿಕೊಂಡದ್ದು ನೆನಪಿದೆ.

ಮುಂದಿನ ಭಾನುವಾರ ತಾತ ಆ ತೋಟಾಗಳನ್ನೆಲ್ಲ ಒಂದೊಂದಾಗಿ ಬಿಚ್ಚಿದರು. ಗುಂಡು ಒಂದು ಕಡೆ, ಮದ್ದು ಒಂದು ಕಡೆ, ಕೊಳವೆ ಒಂದು ಕಡೆ. ಸಹಾಯಕ್ಕೆ ಕೈ ಚಾಚಿದೆ. "ಬ್ಯಾಡ. ಕಟ್ಟಿದೋನೇ ಬಿಚ್ಬೇಕು," ಎಂದರು. ಎದುರಿಗೆ ಕೂತು ನೋಡುತ್ತಿದ್ದೆ. ಮುಗಿದ ಮೇಲೆ ಪ್ರೆಸ್ಸಿಗೆ ಎಣ್ಣೆ ಒರೆಸಿ, ಬಟ್ಟೆ ಮುಚ್ಚಿ, ಕೋಣೆಯ ಬೀಗದ ಕೈಯನ್ನು ಕಾರ್ಯದರ್ಶಿಗೆ ಕೊಟ್ಟು ಹೊರಗೆ ಬಂದರು.

ಕೆಲಸವಿಲ್ಲದಿದ್ದರೂ ಆಮೇಲೂ ಅವರು ಭಾನುವಾರ ತಪ್ಪಿಸಲಿಲ್ಲ. ಹೊಂಗೆ ಮರದ ಕೆಳಗೆ ಕೂತು ನಾವು ಹೊಡೆಯುವುದನ್ನು ನೋಡುತ್ತಿದ್ದರು. ಅವರಿಗೆ ಸದ್ದಿಲ್ಲದ ಹೊಗೆ, ಸದ್ದಿಲ್ಲದ ಜನ. ನನ್ನ ಸರದಿ ಮುಗಿದ ಮೇಲೆ ಹೋಗಿ ಎದುರು ಕೂರುತ್ತಿದ್ದೆ. ಸೊಸೈಟಿಯ ಹಾಲಿನ ಜಗಳ, ನಮ್ಮೂರ ಬಸ್ಸು ಕೆಟ್ಟು ನಿಂತದ್ದು, ಏನಾದರೊಂದು ಹೇಳುತ್ತಿದ್ದೆ. ನನ್ನ ತುಟಿ ನೋಡುತ್ತ ನಗುತ್ತಿದ್ದರು. "ವಾರಕ್ಕೊಂದ್ಸಲ ಈ ಕಿವಿ ಬತ್ತದೆ ನಂಗೆ," ಎನ್ನುತ್ತಿದ್ದರು.

ಒಂದು ಭಾನುವಾರ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಮದ್ದೂರಿಗೆ ಹೋಗಿ ವಿಚಾರಿಸಿದೆ. ಕಾಲಿನ ಗಾಯ ವಾಸಿಯಾಗದೆ ಮಲಗಿದ್ದರೆಂದೂ ತಂಗಿಯ ಮಗ ಬಂದು ಊರಿಗೆ ಕರೆದೊಯ್ದರೆಂದೂ ಲೇತ್ ಅಂಗಡಿಯವರು ಹೇಳಿದರು. ನಾನು ಬಸರಾಳಿಗೆ ಹೋಗುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಜಗಲಿಯ ಮೇಲೆ ದೀಪ ಹಚ್ಚಿಟ್ಟಿದ್ದರು, ನಾಲ್ಕೈದು ಜನ ಕೂತಿದ್ದರು.

ತಂಗಿಯ ಮಗ ನೀರು ಕೊಟ್ಟು, "ನೀವು ನಮ್ಮ ಮಾವಂಗೆ ಏನಾಗ್ಬೇಕವ್ವ?" ಎಂದು ಕೇಳಿದರು.

"ನೆಂಟಸ್ತನ ಏನಿಲ್ಲ," ಎಂದೆ. "ಅವರು ತುಂಬಿದ ತೋಟಾ ಹೊಡೀತಿದ್ದೆ."

ಅವರಿಗೆ ಅರ್ಥವಾಗಲಿಲ್ಲ. ನಿವೃತ್ತರಾದ ಮೇಲೆ ಮಾವ ಏನು ಮಾಡುತ್ತಿದ್ದರೆಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೂಗಿ ಕೂಗಿ ಕೇಳಿದವರಿರಲಿಲ್ಲ, ಅವರೂ ಹೇಳಿಕೊಂಡಿರಲಿಲ್ಲ. ನಾನು ಕೂತು ಮೊದಲಿನಿಂದ ಹೇಳತೊಡಗಿದೆ. ಸ್ವಲ್ಪ ಹೊತ್ತಿಗೆ ತಂಗಿಯ ಮಗ ನನ್ನನ್ನು ತಡೆದು ಒಳಗಿದ್ದ ಹೆಂಡತಿಯನ್ನು ಕೂಗಿದರು.

"ಬಾಮ್ಮಿ ಇಲ್ಲಿ, ಕೂತ್ಕೊ. ಮಾವನ್ ಇಚಾರ ಹೇಳ್ತಾವ್ರೆ," ಎಂದು, ನನ್ನ ಕಡೆ ತಿರುಗಿ, "ಇನ್ನೊಂದ್ಸಲ ಮೊದ್ಲಿಂದ ಹೇಳವ್ವ," ಎಂದರು.